ಬೆಟ್ಟಕ್ಕೆ ಮುಖಮಾಡಿ ಇಳಿದ ಲವೀನಾ

"ನನ್ನನ್ನು ಯಾರೂ ಹೊರೋದು ಬೇಡ ಕಣೇ! ನಡ್ಕೊಂಡು ಬಂದಿದ್ದೀನಿ, ನಡ್ಕೊಂಡೇ ಹೋಗ್ತೀನಿ," ಎಂದು ಗೆಳತಿ ಲವೀನಾ ಮಲೇಷ್ಯಾದ ಕಿನಾಬಾಲು ಬೆಟ್ಟದ ಮೆಟ್ಟಿಲ ಮೇಲೆ ಕುಳಿತೇಬಿಟ್ಟಳು. ಅವಳನ್ನು ಹೊರಲು ಬೆನ್ನೊಡ್ಡಿದ್ದ ಗೈಡ್ ನನ್ನ ಮುಖ ನೋಡಿದ.

ಎಂದೋ ಹಿಮನದಿ ಉಜ್ಜಿ ನುಣುಪಾಗಿಸಿದ ತುದಿಯ ಬಂಡೆಯನ್ನು ಮುಟ್ಟಿ, ಒಂದೇ ಹಗಲಿನಲ್ಲಿ ಹಿಂತಿರುಗುವುದೆಂದು ನಾವು ಗೆಳತಿಯರು ಹಟ ತೊಟ್ಟಿದ್ದೆವು. ಉಳಿದವರು ಮುಂದೆ ಹೋಗಿಯಾಗಿತ್ತು. ಹತ್ತುವಾಗ ಗಟ್ಟಿಯಾಗಿದ್ದ ಲವೀನಾಳ ಮಂಡಿ ಇಳಿಯುವಾಗ ಕೈಕೊಟ್ಟಿತು. ಕೊಡದೆ ಇರುತ್ತದೆಯೇ? ಮೆಲಾಕಾ ಊರಿನ ನಮ್ಮ ಮೆಡಿಕಲ್ ಕಾಲೇಜಿನಲ್ಲಿ ತಿಂಗಳುಗಟ್ಟಲೆ ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿದ್ದೆವು, ಪ್ರತಿ ಸಲವೂ ಲಿಫ್ಟಿನಲ್ಲಿ ಇಳಿದಿದ್ದೆವು!

"ಡಾಕ್ಟರಮ್ಮಾ, ಇಲ್ಲಿಗೂ ಲಿಫ್ಟ್ ಕರೀಲಾ?" ಎಂದು ಕಿಚಾಯಿಸಿದೆ.

ಅಷ್ಟರಲ್ಲಿ ತಮಿಳು ಅಜ್ಜಿಯೊಬ್ಬರು ಕೈಕಂಬಿ ಹಿಡಿದು, ಬೆಟ್ಟಕ್ಕೆ ಮುಖಮಾಡಿ, ಹಿಮ್ಮುಖವಾಗಿ ಇಳಿಯುತ್ತ ಬಂದರು. "ಹೀಗೆ ತಿರುಗಿ ಇಳಿಯಮ್ಮಾ, ಮಂಡಿಗೆ ಹಗುರ," ಎಂದು ತಮಿಳಿನಲ್ಲಿ ಹೇಳಿ, ನಿಲ್ಲದೆ ಇಳಿದೇ ಹೋದರು.

ಲವೀನಾ ಹಲ್ಲುಕಚ್ಚಿ ಎದ್ದು ತಿರುಗಿದಳು. ನಾನು ಒಂದು ಮೆಟ್ಟಿಲು ಕೆಳಗೆ ನಿಂತು, "ಎಡಕ್ಕೆ ಬೇರಿದೆ, ಇನ್ನು ಸ್ವಲ್ಪ ಕೆಳಗೆ, ಹಾಂ ಇಡು," ಎನ್ನುತ್ತ ದಾರಿಯುದ್ದಕ್ಕೂ ಅವಳಿಗೆ ಕಣ್ಣಾದೆ. ಕತ್ತಲಾಗುವ ಮುಂಚೆ ಅವಳು ತನ್ನ ಕಾಲ ಮೇಲೆಯೇ ಬೆಟ್ಟದ ಬುಡದ ಗೇಟು ದಾಟಿದಳು.

ಬೆಟ್ಟದ ತುದಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೀಗ ಅಷ್ಟಾಗಿ ಹೇಳಲು ಬರುವುದಿಲ್ಲ. ತನಗೆ ಕಾಣದ ಮೆಟ್ಟಿಲಿಗೆ, ನನ್ನ ಮಾತೊಂದನ್ನೇ ನಂಬಿ ಅವಳು ಕಾಲು ಇಳಿಬಿಡುತ್ತಿದ್ದುದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.