ಪದ್ಮನಿಗೆ ಜ್ವರ ಬರಲಿಲ್ಲ

ಮೈಥಿಲಿ, ಕೆಟ್ಟಿರಬಹುದು ಅಂತ ಗೊತ್ತಿದ್ದೂ ಆ ಇಂಜೆಕ್ಷನ್ನುಗಳನ್ನು ನಿನ್ನ ಅಮ್ಮನಿಗೆ ಚುಚ್ಚಿದವಳು ನಾನು. ನಿನ್ನ ಅಪ್ಪನಲ್ಲ, ಡಾಕ್ಟರಲ್ಲ — ನಿನ್ನ ಈ ದೊಡ್ಡಮ್ಮ. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಪದ್ಮನಿಗೆ ಕಿಡ್ನಿ ಕ್ಯಾನ್ಸರ್ ಆದಾಗ ನೀನಿನ್ನೂ ಹೈಸ್ಕೂಲು. ನಿಮ್ಮಪ್ಪನಿಗೆ ನಮ್ಮೂರ ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟು ಕೆಲಸ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಅದಕ್ಕೇ ತಂಗಿಯನ್ನು ನಜರ್‌ಬಾದಿನ ನಮ್ಮ ಮನೆಗೆ ಕರೆತಂದೆ. ಇಂಟರ್‌ಫೆರಾನ್ ಕೊಡೋಣ ಅಂದರು ಡಾಕ್ಟರು. ವೈರಸ್ ಹೊಕ್ಕಾಗ ನಮ್ಮ ಮೈಯೇ ತಯಾರಿಸುವ ಪ್ರೋಟೀನಂತೆ ಅದು. ಒಂದು ಜೀವಕೋಶ ಇನ್ನೊಂದನ್ನು ಎಚ್ಚರಿಸುವುದು ಅದರಿಂದಲೇ. ಅದನ್ನೇ ಹೊರಗಿನಿಂದ ಕೊಟ್ಟು ಮೈಯನ್ನು ಕ್ಯಾನ್ಸರಿನ ಮೇಲೆ ಎಬ್ಬಿಸುವುದು. "ಎಲ್ಲರಿಗೂ ನಾಟಲ್ಲಮ್ಮ. ಚುಚ್ಚಿದ ದಿನ ಚಳಿಜ್ವರ ಬರುತ್ತೆ, ಹೆದರಬೇಡಿ. ಫ್ರಿಜ್ಜಿನಿಂದ ಆಚೆ ಮಾತ್ರ ಇಡಬೇಡಿ, ಶಾಖಕ್ಕೆ ಕೆಟ್ಟುಹೋಗುತ್ತೆ," ಅಂದಿದ್ದರು. ಚುಚ್ಚುವುದನ್ನು ನರ್ಸ್ ನನಗೇ ಕಲಿಸಿಕೊಟ್ಟಳು. ನಿಮ್ಮಪ್ಪ ರಜೆ ಹಾಕಿ ಬೆಂಗಳೂರಿನಿಂದ ಐಸ್ ಡಬ್ಬಿಯಲ್ಲಿ ಔಷಧಿ ತರುತ್ತಿದ್ದರು, ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡು.

ರಾಮನವಮಿ ಬಂತು. ನಮ್ಮತ್ತೆಯ ಮಡಿ ನಿನಗೆ ಗೊತ್ತಲ್ಲ. ಪಾನಕ, ಮಜ್ಜಿಗೆ ಎಲ್ಲ ನೈವೇದ್ಯಕ್ಕೆ ಅಂತ ಫ್ರಿಜ್ಜು ತೊಳೆಸಿದರು. "ಸೂಜಿಮದ್ದು ಇರೋ ಕಡೆ ದೇವರದ್ದು ಇಡಕ್ಕಾಗಲ್ಲ ಕಣಮ್ಮ, ಒಂದು ಗಳಿಗೆ ಆಚೆ ಇಡು." ಎದುರಾಡುವ ಬಾಯಿ ನನಗಿತ್ತು — ಬೇಡದ್ದಕ್ಕೆಲ್ಲ ಆಡಿದ್ದೇನೆ. ಅವತ್ತು ಆಡಲಿಲ್ಲ. ಪೂಜೆ ಮುಗಿದ ತಕ್ಷಣ ಒಳಗಿಟ್ಟರಾಯಿತು ಅಂತ ಹಿಂದಿನ ಶೀಟು ಹೊದಿಸಿದ ಕೋಣೆಯ ಕಪಾಟಿನಲ್ಲಿಟ್ಟೆ. ನೆಂಟರು, ಊಟ, ಪಾತ್ರೆ... ಮರೆತೇಬಿಟ್ಟೆ. ಮುಂದಿನ ಸೂಜಿಯ ದಿನ ನೆನಪಾಗಿ ಓಡಿದರೆ, ಆ ಬಿಸಿಲಿಗೆ ಡಬ್ಬಿ ಕಾದು ಬೆಚ್ಚಗಿತ್ತು.

ಡಾಕ್ಟರಿಗೆ ಒಂದು ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಯಾರಿಗೆ ಹೆದರಿದೆ — ಅತ್ತೆಗೋ, ನಿಮ್ಮಪ್ಪನಿಗೋ? ಅಲ್ಲ. ಅಚ್ಚುಕಟ್ಟಿನವಳು ಅನ್ನೋ ನನ್ನ ಹೆಸರು ಕೆಡುತ್ತೆ ಅಂತ ಹೆದರಿದೆ. ಬಾಟಲಿಗಳನ್ನು ಮತ್ತೆ ಫ್ರಿಜ್ಜಿಗಿಟ್ಟು, ತಣ್ಣಗಾದ ಮೇಲೆ ಚುಚ್ಚಿದೆ.

ಅವತ್ತು ಪದ್ಮನಿಗೆ ಜ್ವರ ಬರಲಿಲ್ಲ. ಮುಂದಿನ ಸಲವೂ ಬರಲಿಲ್ಲ. "ಮೈಗೆ ಒಗ್ಗಿಹೋಯ್ತು ಕಣೇ ಅಕ್ಕ," ಅಂತ ಎಷ್ಟು ಖುಷಿಪಟ್ಟಳು ಗೊತ್ತಾ — ಬಿಸಿ ಅನ್ನ, ಸಾರು ಕೇಳಿ ಹಾಕಿಸಿಕೊಂಡು ಉಂಡಳು. ಜ್ವರ ಬಾರದ್ದು ಮದ್ದು ಕೆಟ್ಟಿದ್ದಕ್ಕೆ ಅಂತ ನನಗೆ ಹೊಳೆದಿತ್ತು. ಆದರೂ ಬಡಿಸಿದೆ.

ಸ್ಕ್ಯಾನಿನಲ್ಲಿ ಗೆಡ್ಡೆ ಬೆಳೆದಿತ್ತು. ಮದ್ದು ನಾಟುತ್ತಿಲ್ಲ, ನಿಲ್ಲಿಸೋಣ ಅಂದರು ಡಾಕ್ಟರು. ನಾನು ಅಲ್ಲೇ ಇದ್ದೆ; ಸುಮ್ಮನಿದ್ದೆ. ಮನೆಗೆ ಬಂದು ನಿಮ್ಮಪ್ಪ, "ಸಾಕು, ಇನ್ನವಳಿಗೆ ಚುಚ್ಚೋದು ಬೇಡ," ಅಂದದ್ದು ಬಾಗಿಲಲ್ಲಿದ್ದ ನಿನ್ನ ಕಿವಿಗೆ ಬಿತ್ತು. ಅವಳು ತೀರಿಕೊಂಡ ಮೇಲೆ, "ಅಪ್ಪನೇ ಅಮ್ಮನ್ನ ಕೈಬಿಟ್ಟಿದ್ದು," ಅಂತ ನೀನು ನನ್ನ ಮಡಿಲಲ್ಲಿ ಬಿಕ್ಕಿದೆ. ನಾನು ನಿನ್ನ ತಲೆ ಸವರಿದೆ. ಅಲ್ಲ ಕಣೇ ಅಂತ ಒಂದು ಮಾತು — ಆಡಲಿಲ್ಲ. ನಿನ್ನ ಮದುವೆಯಲ್ಲಿ ಧಾರೆ ಎರೆಯುವುದಕ್ಕೂ ನೀನವರನ್ನು ಕರೆಯಲಿಲ್ಲ. ನಾನು, ನಿನ್ನ ದೊಡ್ಡಪ್ಪ ಎರೆದೆವು. ಆವಾಗಲೂ ಆಡಲಿಲ್ಲ.

ಔಷಧಿ ಕೆಡದಿದ್ದರೆ ಪದ್ಮ ಉಳಿಯುತ್ತಿದ್ದಳೋ — ಗೊತ್ತಿಲ್ಲ. ಉಳಿಯುತ್ತಿರಲಿಲ್ಲ ಅಂದುಕೊಂಡು ಹಗುರಾಗುವ ಹಕ್ಕು ನನಗಿಲ್ಲ. ನಿನ್ನ ಅಪ್ಪನನ್ನು ನಿನ್ನಿಂದ ಕಿತ್ತುಕೊಂಡದ್ದಂತೂ ನಾನೇ.

ನಿನ್ನೆ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯಲಿ ಅಂತ ಕಾದೆ. ಕೊನೆಗೆ, "ಮೈಥಿಲಿಗೆ ಹೇಳ್ಬೇಡಿ ಅತ್ತಿಗೆ. ತಾಯಿ ಅಂತ ಅವಳಿಗೆ ಉಳಿದಿರೋದು ನೀವೊಬ್ಬರೇ," ಅಂದರು.

ಅದಕ್ಕೇ ಹೇಳುತ್ತಿದ್ದೇನೆ, ಮಗಳೇ. ನಮ್ಮ ಮನೆಗೆ ಇನ್ನು ಬರಬಾರದು ಅನ್ನಿಸಿದರೆ ಬರಬೇಡ. ಅವರ ಮನೆಗೆ ಹೋಗು.