ಕೋಳಿಮರಿಗೆ ಕರಿಜೀರಿಗೆ ತಿನ್ನಿಸಿದ ಮೇವಿನಕ್ಕ

ಬೆಳಗಿನ ಐದೂವರೆ. ಮೇವಿನಕ್ಕ ಕೋಳಿ ಶೆಡ್ಡಿನ ಚಿಲಕ ತೆಗೆಯುತ್ತಾರೆ. ಮರಿ ಬಿಟ್ಟು ಇವತ್ತಿಗೆ ಮೂವತ್ತೈದನೇ ದಿನ, ತೂಕದ ದಿನ. ನಡುವೆ ಕಟ್ಟಿದ ಜಾಲರಿಯ ಎಡಕ್ಕೆ ನೂರು, ಬಲಕ್ಕೆ ನೂರು ಮರಿ ಬಿಟ್ಟಿದ್ದರು. ನೀರು, ಗಾಳಿ, ಬೆಳಕು, ಮೇವು ಎಲ್ಲ ಒಂದೇ. ಬಲಗಡೆಯವಕ್ಕೆ ಮಾತ್ರ ಕಿಲೋ ಮೇವಿಗೆ ಹತ್ತು ಗ್ರಾಂ ಕರಿಜೀರಿಗೆ ಪುಡಿ. "ಮಕ್ಕಳ ಪರೀಕ್ಷೆಗೂ ಇಷ್ಟು ಹೆದರಿರಲಿಲ್ಲ ಕಣ್ರೀ," ಎಂದು ನಗುತ್ತ ಗಂಬೂಟು ಏರಿಸುತ್ತಾರೆ.

ಹದಿನಾಲ್ಕು ವರ್ಷದ ಹಿಂದೆ ಕಸ ಗುಡಿಸಲು ಬಂದವರು. ಈಗ ನಾಲ್ಕು ಸಾವಿರ ಬ್ರಾಯ್ಲರ್ ಕೋಳಿಗಳ ಹೊಟ್ಟೆಯ ಉಸ್ತುವಾರಿ ಇವರದೇ. ಕೋಳಿ ಬಲಿತಾಗ ದಿನಕ್ಕೆ ಎಂಟು ಚೀಲ ಮೇವು ಬೇಕು. ಜೋಳದ ನುಚ್ಚು, ಸೋಯಾ ಹಿಂಡಿ, ಖನಿಜದ ಪುಡಿ, ಎಲ್ಲವನ್ನೂ ಸಲಿಕೆಯಲ್ಲೇ ಬೆರೆಸಿ ಬೆರೆಸಿ ಬಲಭುಜ ಒಂಚೂರು ವಾಲಿಹೋಗಿದೆ.

ಹೋದ ವರ್ಷ ಮರಿಗಳಿಗೆ ಭೇದಿ ಹತ್ತಿತು. ಒಂದೇ ವಾರಕ್ಕೆ ನಾನೂರು ಹೋದವು. "ಬುಟ್ಟಿಗಟ್ಟಲೆ ಹೊತ್ತು ಹೂತೆ. ಅವು ತಿಂದಿದ್ದು ನನ್ನ ಕೈಯಿಂದ ತಾನೆ?" ಆ ದಿನಗಳಲ್ಲೇ ಒಮ್ಮೆ ಅತ್ತೆ, ಹೊಟ್ಟೆನೋವೆಂದು ಅಳುತ್ತಿದ್ದ ಮೊಮ್ಮಗಳಿಗೆ ಓಮ ಜಜ್ಜುತ್ತಿದ್ದರು. ಅಕ್ಕನಿಗೆ ಥಟ್ಟನೆ ಹೊಳೆಯಿತು: "ಇವಳ ಹೊಟ್ಟೆಗೆ ಬೀಜ ಮದ್ದಾಗೋದಾದ್ರೆ ಮರಿಗಳ ಹೊಟ್ಟೆ ಏನು ಪಾಪ ಮಾಡಿದೆ?"

ಮೇವಿಗೆ ಅಡುಗೆಮನೆಯ ಬೀಜ ಬೆರೆಸುತ್ತೇನೆಂದಾಗ ಶೆಡ್ಡಿನ ಮಾಲೀಕರು ಬಿದ್ದು ಬಿದ್ದು ನಕ್ಕರು. "ಕೋಳಿ ಬದುಕಿರುವಾಗಲೇ ಒಗ್ಗರಣೆ ಹಾಕ್ತೀಯೇನಮ್ಮಾ?" ಆದರೂ ಐವತ್ತು ಮರಿ ಬಿಟ್ಟುಕೊಟ್ಟರು. ಅಕ್ಕ ಹುಮ್ಮಸ್ಸಿನಲ್ಲಿ, ಹೊಟ್ಟೆಗೆ ತಂಪೆಂದು ಮೆಂತ್ಯದ ಪುಡಿಯನ್ನು ಬೊಗಸೆಬೊಗಸೆ ಸುರಿದರು. "ಒಂದೊಂದು ಸಲ ಕುಕ್ಕಿ ಮುಖ ತಿರುಗಿಸಿದ್ವು. ನಾನೂ ಬಾಯಿಗೆ ಹಾಕ್ಕೊಂಡೆ. ಅಯ್ಯೋ, ಕಹಿಯೋ ಕಹಿ! ತಪ್ಪು ಮರೀದಲ್ಲ, ನಂದು." ಆ ಐವತ್ತೂ ಸೊರಗಿದವು.

ಮುಖ ಸಣ್ಣದು ಮಾಡಿಕೊಂಡು ಕೂತಿದ್ದ ಅಕ್ಕನಿಗೆ ದಾರಿ ತೋರಿಸಿದ್ದು ತಪಾಸಣೆಗೆ ಬರುವ ಪಶುವೈದ್ಯೆ. "ಯೋಚನೆ ಸರಿಯಾಗೇ ಇದೆ ಅಕ್ಕ. ಅಂದಾಜು ಬಿಡಿ, ಅಳತೆ ಹಿಡೀರಿ," ಎಂದವರೇ ಕರಿಜೀರಿಗೆ ಸೂಚಿಸಿ, ಜಾಲರಿ ಕಟ್ಟಿಸಿ, ಎರಡು ಪಾಲು ಮಾಡಿಸಿದರು.

ಈಗ ತೂಕ ಮುಗಿಯುತ್ತಿದೆ. ಪಶುವೈದ್ಯೆ ಲೆಕ್ಕ ಹಾಕಿ ತಲೆಯೆತ್ತುತ್ತಾರೆ. ಎಡಗಡೆ ಸರಾಸರಿ ಒಂದು ಕಿಲೋ ಒಂಬೈನೂರು ಗ್ರಾಂ, ಸತ್ತಿದ್ದು ಆರು. ಬಲಗಡೆ ಎರಡು ಕಿಲೋ ಮೂವತ್ತು ಗ್ರಾಂ. ಸತ್ತಿದ್ದು ಒಂದೇ ಒಂದು!

"ಅಕ್ಕಾ, ಗೆದ್ದುಬಿಟ್ರಿ!"

ಮಾಲೀಕರಿಗೆ ನಂಬಿಕೆಯಿಲ್ಲ. ತಾವೇ ಬಲಗಡೆಯ ಹತ್ತು ಕೋಳಿ ಹಿಡಿದು ಮತ್ತೆ ತೂಗುತ್ತಾರೆ. ಮುಳ್ಳು ಎರಡು ಕಿಲೋ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ, ನಗುವೋ ಅಳುವೋ ಅವರಿಗೇ ತಿಳಿಯದು. ಮಾಲೀಕರಿಗೆ ಈಗ ಆತುರ: "ಮುಂದಿನ ಬ್ಯಾಚಿನಲ್ಲಿ ನಾಲ್ಕು ಸಾವಿರಕ್ಕೂ ಹಾಕಿಬಿಡೋಣ!"

ಅಕ್ಕ ಅಡ್ಡಡ್ಡ ತಲೆಯಾಡಿಸುತ್ತಾರೆ. "ಬೇಡ ಅಣ್ಣ, ಅರ್ಧಕ್ಕೆ ಹಾಕೋಣ, ಇನ್ನರ್ಧ ಹೋಲಿಸಿ ನೋಡೋಕೆ ಇರಲಿ. ಒಂದು ಸಲ ಗೆದ್ರೆ ಅದೃಷ್ಟ ಅಂದುಬಿಡ್ತಾರೆ ಜನ. ಇನ್ನೆರಡು ಬ್ಯಾಚ್ ಹೀಗೇ ಬರಲಿ. ಆಮೇಲೆ ಯಾರು ಕೇಳಿದ್ರೂ, ಬೆರೆಸಿದ್ದು ನಾನೇ ಅಂತ ಎದೆ ತಟ್ಟಿ ಹೇಳ್ತೀನಿ."