ಡ್ರಮ್ಮಿನ ಜೀವ ಕಾಪಾಡಿದ ಗಾದ್ರಪ್ಪ

ಸವಳಂಗದ ನಮ್ಮ ಗಾದ್ರಪ್ಪನಿಗೆ ಮಣ್ಣಿನ ಮೇಲಿರುವ ಮಮತೆಯಲ್ಲಿ ಕಾಲುಭಾಗ ಸ್ವಂತ ಹೊಟ್ಟೆಯ ಮೇಲಿದ್ದಿದ್ದರೂ ಸಾಕಿತ್ತು. ಅವನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ, ನನಗೆ ಎಲ್ಲ ಕೇಳಿಸುತ್ತದೆ.

ಅವನ ಹಿತ್ತಿಲಲ್ಲೊಂದು ನೀಲಿ ಡ್ರಮ್ಮು. ಅದರೊಳಗೆ ಸಗಣಿ, ಗಂಜಲ, ಬೆಲ್ಲ, ಕಡ್ಲೆಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಕಲೆಸಿದ, ಹೊಲಕ್ಕೆ ಹೊಯ್ಯುವ ಜೀವಾಮೃತ. ಯಾರಾದರೂ ಬೆಳೆಗೆ ಔಷಧಿ ಹೊಡೆಯುತ್ತೇನೆಂದರೆ, "ಮಣ್ಣಾಗೆ ಕೋಟಿ ಜೀವ ಐತೆ ಕಣ್ರೀ, ಅವನ್ನ ಕೊಂದು ಏನ್ ಬೆಳೀತೀರಿ?" ಎಂದು ಮೈಮೇಲೆ ಏರಿ ಬರುತ್ತಾನೆ. ಭಾಷಣ ಅವನದು. ಬೆಳಿಗ್ಗೆ ಸಂಜೆ ಕೋಲು ಹಿಡಿದು ಡ್ರಮ್ಮು ತಿರುವುವವಳು ಮಾತ್ರ ಹೆಂಡತಿ ದುರುಗಕ್ಕ.

ಇಂಥವನಿಗೆ ಜಗಳೂರಿನ ರೈತರ ಸಭೆಯಿಂದ ಕರೆ ಬಂತು. ಮಾತಾಡಬೇಕು, ಕೊನೆಗೆ ಶಾಲು ಹೊದಿಸಿ ಸನ್ಮಾನ. ಐವತ್ತೆಂಟು ವರ್ಷ ಅವನ ಹೆಗಲ ಮೇಲೆ ಟವೆಲ್ ಬಿಟ್ಟು ಬೇರೇನೂ ಬಿದ್ದಿರಲಿಲ್ಲ. ಆ ಶಾಲಿಗಾಗಿ ಹೊಸ ಅಂಗಿ ಹೊಲಿಸಿದ.

ಸಭೆಗೆ ಹನ್ನೆರಡು ದಿನ ಇರುವಾಗ ಫ್ಲೂ ಹಿಡಿಯಿತು. "ಆಸ್ಪತ್ರೆಗೆ ಹೋಗಾಣ ನಡೀರಿ" ಎಂದಳು ದುರುಗಕ್ಕ. ಗಾದ್ರಪ್ಪ ಅಟ್ಟದಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದ. ಅದರಲ್ಲಿದ್ದದ್ದು ಬಿಸ್ಕತ್ತಲ್ಲ, ಯಾರದೋ ಹಲ್ಲುನೋವಿನಲ್ಲಿ, ಯಾರದೋ ಗಾಯದಲ್ಲಿ ಉಳಿದ ಗುಳಿಗೆಗಳು. ಎರಡು ಬಗೆಯ ಆಂಟಿಬಯಾಟಿಕ್ ಆರಿಸಿ ಒಟ್ಟಿಗೇ ನುಂಗಿದ. ಮಜ್ಜಿಗೆ ಥಂಡಿಯೆಂದು ದೂರ ತಳ್ಳಿದ. ನಾಲ್ಕನೇ ದಿನ ಜ್ವರ ತಾನಾಗಿ ಇಳಿಯಿತು, ಹೆಸರು ಗುಳಿಗೆಗೆ ಬಂತು. ಐದನೇ ದಿನ ಹೊಟ್ಟೆ ಕಿತ್ತುಕೊಂಡು ಭೇದಿ ಶುರುವಾಯಿತು.

ಅವನ ಡ್ರಮ್ಮಿನ ಭಾಷಣ ಮೊದಲೇ ಕೇಳಿದ್ದ ನ್ಯಾಮತಿಯ ಡಾಕ್ಟರಮ್ಮ, ದುರುಗಕ್ಕ ಒಯ್ದಿದ್ದ ಆ ಡಬ್ಬಿ ನೋಡಿ ಹಣೆ ಚಚ್ಚಿಕೊಂಡರು. "ಫ್ಲೂ ತರೋದು ವೈರಸ್ಸು. ಈ ಗುಳಿಗೆ ಅದರ ಕೂದಲನ್ನೂ ಕೊಂಕಿಸಲ್ಲ. ಫ್ಲೂ ಬಂದಾಗಲೇ ಕರುಳಿನ ಒಳ್ಳೆ ಸೂಕ್ಷ್ಮಜೀವಿಗಳು ಏರುಪೇರಾಗಿರ್ತವೆ. ರೋಗ ಎದುರಿಸೋಕೆ ಮೈಗೆ ನೆರವಾಗೋವು ಅವು. ಅಳಿದುಳಿದವನ್ನ ನೀವೇ ಸಾಯಿಸಿದೀರಿ. ನಿಮ್ಮ ಡ್ರಮ್ಮಿಗೆ ಬ್ಲೀಚಿಂಗ್ ಪುಡಿ ಹಾಕ್ತೀರಾ?"

"ಛೇ ಛೇ, ಜೀವ ಹೋಗ್ತಾವೆ" ಎಂದ ಗಾದ್ರಪ್ಪ.

ಓಆರ್‌ಎಸ್ ಕೊಟ್ಟು, ಡಬ್ಬಿ ಮುಟ್ಟಬೇಡಿ ಎಂದು ಕಳಿಸಿದರು. ದಾರಿಯುದ್ದಕ್ಕೂ ಅವನ ಗೊಣಗಾಟ: "ಒಂದು ಸೂಜಿ ಹಾಕಾಕೂ ಬರಲ್ಲ, ಅದೆಂಥ ಡಾಕ್ಟ್ರು?" ಮನೆಗೆ ಬಂದವನೇ ಹೊಟ್ಟೆ ಕಟ್ಟಲೆಂದು ಡಬ್ಬಿಯಿಂದ ಮತ್ತೆರಡು ನುಂಗಿದ. ಕೆಟ್ಟ ಮೇಲೂ ಬುದ್ಧಿ ಬರಲಿಲ್ಲ ನಮ್ಮ ಪಂಡಿತನಿಗೆ.

ಸಭೆಯ ದಿನ ಹೊಸ ಅಂಗಿ ತೊಟ್ಟು ಹೊರಟ. ಜೊತೆಗೆ ದುರುಗಕ್ಕ, ನಾನು. ನ್ಯಾಮತಿ ಮುಟ್ಟುವಷ್ಟರಲ್ಲಿ ಬಸ್ಸು ಎರಡು ಸಲ ನಿಂತಿತು. ಎರಡು ಸಲವೂ ಗಾದ್ರಪ್ಪ ಬೇಲಿ ಮರೆಗೆ ಓಡಿದ. ನ್ಯಾಮತಿಯಲ್ಲಿ ಬೆವರೊರೆಸಿಕೊಂಡು ಇಳಿದೇಬಿಟ್ಟ. "ನೀವ್ ಹೋಗ್ರಿ, ನನ್ ಕೈಲಾಗಲ್ಲ" ಎನ್ನುವಾಗ ಕಣ್ಣಲ್ಲಿ ನೀರಿತ್ತು. ನಿಜ ಹೇಳುತ್ತೇನೆ, ನನಗೂ ಅಯ್ಯೋ ಅನಿಸಿತು.

ಜಗಳೂರಿನಲ್ಲಿ ಮೈಕು ದುರುಗಕ್ಕನ ಕೈಗೆ ಬಂತು. ಎಷ್ಟು ಸಗಣಿ, ಎಷ್ಟು ಬೆಲ್ಲ, ಯಾವ ಹೊತ್ತಿಗೆ ತಿರುವಬೇಕು, ಎಲ್ಲ ಬಿಡಿಸಿ ಹೇಳಿ, ಕೊನೆಗೆ ಅಂದಳು: "ಡ್ರಮ್ಮಿನಾಗಿರೋವಂಥ ಜೀವಗಳು ನಮ್ಮ ಹೊಟ್ಯಾಗೂ ಇರ್ತಾವಂತೆ. ಕಂಡ ಗುಳಿಗೆ ನುಂಗಿ ಅವನ್ನ ಕೊಲ್ಲಬ್ಯಾಡ್ರಿ. ಕೊಂದೋರು ನ್ಯಾಮತಿ ಬಸ್ ಸ್ಟ್ಯಾಂಡಾಗೆ ಇಳಿದವ್ರೆ." ಸಭೆ ಬಿದ್ದು ಬಿದ್ದು ನಕ್ಕಿತು. ಶಾಲು ಅವಳ ಹೆಗಲೇರಿತು.

ನಾವು ಊರಿಗೆ ಬಂದಾಗ ಗಾದ್ರಪ್ಪ ಜಗುಲಿಯ ಮೇಲೆ ಕೂತಿದ್ದ.

"ನನ್ ಬಗ್ಗೆ ಏನಾರ ಹೇಳಿದ್ಯಾ?"

"ಹೇಳ್ದೆ ಕಣ್ರೀ, ಒಂದೂ ಬಿಡ್ದಂಗೆ."

ಗಾದ್ರಪ್ಪನ ಮುಖ ಅರಳಿತು. "ಶಾಲು ಕೊಡಿಲ್ಲಿ" ಎಂದು ಕೈ ಚಾಚಿದ. ದುರುಗಕ್ಕ ಹಿತ್ತಿಲಿಗೆ ಹೋಗಿ ಬಂದು, ಚಾಚಿದ ಆ ಕೈಗೆ ಡ್ರಮ್ಮು ತಿರುವುವ ಕೋಲು ಕೊಟ್ಟಳು.